ದಾವಣಗೆರೆಯಲ್ಲಿ ಕಡಿಮೆ ಬಜೆಟ್‌ನ ಡೆಸ್ಕ್‌ಟಾಪ್: ಯಾವ ಪಾರ್ಟ್ ಯಾರಿಗೆ?

ಡೆಸ್ಕ್‌ಟಾಪ್ ಅಸೆಂಬಲ್ ಮಾಡಬೇಕು ಅಂತ ಹೊರಟವರು ಮೊದಲು ಕೇಳುವುದು ಒಂದೇ ಪ್ರಶ್ನೆ: ಇಂಟೆಲ್ ಪ್ರೊಸೆಸರ್ ತಗೊಳ್ಳಲಾ, ಎಎಂಡಿಯ ರೈಜನ್ ತಗೊಳ್ಳಲಾ? ಬಿಐಇಟಿ, ಯುಬಿಡಿಟಿ ಇಂಜಿನಿಯರಿಂಗ್ ಕಾಲೇಜುಗಳ ವಿದ್ಯಾರ್ಥಿಗಳು ಇದನ್ನೇ ಕೇಳುತ್ತಾರೆ. ಮದುವೆ ವಿಡಿಯೊ ಎಡಿಟ್ ಮಾಡುವವರು, ಮಂಡಿಪೇಟೆಯಲ್ಲಿ ಟ್ಯಾಲಿ ಲೆಕ್ಕ ಬರೆಯುವವರು ಕೂಡ ಇದನ್ನೇ ಕೇಳುತ್ತಾರೆ. ಈ ಮೂವರಿಗೂ ಉತ್ತರ ಬೇರೆ ಬೇರೆ. ಬಜೆಟ್ ಮಾತ್ರ ಹೆಚ್ಚುಕಡಿಮೆ ಒಂದೇ ಇರುತ್ತದೆ, ಅದೂ ಬಿಗಿಯಾಗಿ. ಹಾಗಾಗಿ ಪ್ರೊಸೆಸರ್ ಹೆಸರನ್ನು ಸ್ವಲ್ಪ ಹೊತ್ತು ಬದಿಗಿಟ್ಟು, ಏನನ್ನು ನೋಡಿ ಆರಿಸಬೇಕು ಅಂತ ಮೊದಲು ತೀರ್ಮಾನ ಮಾಡಿಕೊಳ್ಳೋಣ.

ಯಾವ ಅಳತೆಯಲ್ಲಿ ನೋಡಬೇಕು

ಪ್ರತಿ ಪಾರ್ಟ್ ಬಗ್ಗೆಯೂ ನಾನು ಮೊದಲು ಕೇಳುವುದು ಇದು: ಎರಡು ವರ್ಷ ಬಿಟ್ಟು ಇದನ್ನು ಸುಲಭವಾಗಿ ಬದಲಿಸಬಹುದಾ? ರ‍್ಯಾಮ್ ಬದಲಿಸಬಹುದು, ಇನ್ನೊಂದು ಸ್ಟಿಕ್ ಸೇರಿಸಿದರೆ ಆಯಿತು. ಎಸ್‌ಎಸ್‌ಡಿ ಸೇರಿಸಬಹುದು. ಗ್ರಾಫಿಕ್ಸ್ ಕಾರ್ಡ್ ಆಮೇಲೆ ಹಾಕಬಹುದು. ಆದರೆ ಮದರ್‌ಬೋರ್ಡ್ ಬದಲಿಸಬೇಕು ಅಂದರೆ ಬಹಳ ಸಲ ಪ್ರೊಸೆಸರ್, ರ‍್ಯಾಮ್ ಎರಡೂ ಬದಲಾಗುತ್ತವೆ. ಎಲ್ಲ ಪಾರ್ಟ್‌ಗಳಿಗೂ ಕರೆಂಟ್ ಕೊಡುವ ಎಸ್‌ಎಂಪಿಎಸ್ (ಪವರ್ ಸಪ್ಲೈ) ಕೆಟ್ಟದಾಗಿದ್ದರೆ ಅದು ಹೋಗುವಾಗ ಬೋರ್ಡ್, ಡಿಸ್ಕ್‌ಗಳನ್ನೂ ಜೊತೆಗೆ ಕರೆದುಕೊಂಡು ಹೋಗಬಹುದು. ಕಡಿಮೆ ದುಡ್ಡಿದ್ದಾಗ ಬದಲಿಸಲು ಕಷ್ಟವಾದ ಪಾರ್ಟ್‌ಗಳಿಗೆ ಮೊದಲು ಹಾಕಬೇಕು. ಉಳಿದದ್ದು ನಿಧಾನವಾಗಿ ಬರಲಿ.

ಎರಡನೆಯದು, ನೀವು ಬಳಸುವ ಸಾಫ್ಟ್‌ವೇರ್. ಟ್ಯಾಲಿ, ಕೋರಲ್‌ಡ್ರಾ, ಹಳೇ ನುಡಿ ಫಾಂಟ್‌ನ ಫೈಲ್‌ಗಳು ನಿಮ್ಮ ಅನ್ನವಾಗಿದ್ದರೆ ವಿಂಡೋಸ್ ಬೇಕೇ ಬೇಕು. ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್‌ನ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ವಿಂಡೋಸ್ 11ಕ್ಕೆ ಇಂಟೆಲ್‌ನಲ್ಲಿ 8ನೇ ತಲೆಮಾರು ಅಥವಾ ಅದರ ನಂತರದ್ದೇ ಆಗಬೇಕು. ಹಾಗೆಯೇ ಲೈಸೆನ್ಸ್‌ನ ಖರ್ಚನ್ನೂ ಬಜೆಟ್‌ನಲ್ಲಿ ಬರೆದುಕೊಳ್ಳಿ, ಬಹಳ ಜನ ಇದನ್ನು ಲೆಕ್ಕಕ್ಕೇ ಹಿಡಿಯುವುದಿಲ್ಲ. ಬರೀ ಓದು, ಕೋಡಿಂಗ್, ಬ್ರೌಸಿಂಗ್ ಅಂದರೆ ಉಬುಂಟು ಅಥವಾ ಲಿನಕ್ಸ್ ಮಿಂಟ್ ಹಾಕಿ. ಯೂನಿಕೋಡ್ ಕನ್ನಡ ಟೈಪಿಂಗ್ ಅದರಲ್ಲಿ ಚೆನ್ನಾಗಿಯೇ ನಡೆಯುತ್ತದೆ, ಲೈಸೆನ್ಸ್ ದುಡ್ಡು ಎಸ್‌ಎಸ್‌ಡಿಗೆ ಹೋಗುತ್ತದೆ.

ಮೂರನೆಯದು ನಮ್ಮ ಊರಿನದ್ದೇ ಅಳತೆ: ಕರೆಂಟ್, ಬಿಸಿಲು, ಧೂಳು. ಬೆಂಗಳೂರಿನ ಏಸಿ ರೂಮಿನಲ್ಲಿ ಕೂತು ಮಾಡಿದ ರಿವ್ಯೂಗಳಲ್ಲಿ ಇದರ ಮಾತು ಅಷ್ಟಾಗಿ ಬರುವುದಿಲ್ಲ. ಅದಕ್ಕೇ ಇಲ್ಲಿಂದಲೇ ಶುರು ಮಾಡುತ್ತೇನೆ.

ಮೊದಲು ಎಸ್‌ಎಂಪಿಎಸ್

ಎಲ್ಲರೂ ಕೊನೆಗೆ ಉಳಿದ ದುಡ್ಡಿನಲ್ಲಿ ತಗೊಳ್ಳುವ ಪಾರ್ಟ್ ಇದು. ನನ್ನ ಮಟ್ಟಿಗೆ ಮೊದಲು ಬರೆಯಬೇಕಾದ ಪಾರ್ಟ್. ಕ್ಯಾಬಿನೆಟ್ ಜೊತೆ ಬರುವ ಅಗ್ಗದ ಎಸ್‌ಎಂಪಿಎಸ್ ಮೇಲೆ 450 ಅಂತ ದೊಡ್ಡದಾಗಿ ಬರೆದಿರುತ್ತದೆ. ಆ ಅಂಕಿ ನೋಡಬೇಡಿ. ಲೇಬಲ್‌ನಲ್ಲಿ 12 ವೋಲ್ಟ್‌ನ ಕೆಳಗೆ ಎಷ್ಟು ಆಂಪಿಯರ್ ಇದೆ ನೋಡಿ. 36 ಆಂಪಿಯರ್ ಇದ್ದರೆ 12 ಗುಣಿಸು 36, ಅಂದರೆ 432 ವ್ಯಾಟ್. ಇದು ನಿಜವಾದ 450ರ ಎಸ್‌ಎಂಪಿಎಸ್. 16 ಅಂತ ಇದ್ದರೆ 192 ವ್ಯಾಟ್ ಅಷ್ಟೇ. ಪ್ರೊಸೆಸರ್, ಗ್ರಾಫಿಕ್ಸ್ ಕಾರ್ಡ್ ಎರಡೂ ಈ 12 ವೋಲ್ಟ್‌ನಿಂದಲೇ ಎಳೆಯುವುದು.

ಲೇಬಲ್‌ನಲ್ಲಿ ಇನ್ನೊಂದು ಸಾಲು ಇರುತ್ತದೆ, ಇನ್‌ಪುಟ್ ವೋಲ್ಟೇಜ್. ಕೆಲವದರಲ್ಲಿ 200–240 ಅಂತ ಇರುತ್ತದೆ, ಕೆಲವದರಲ್ಲಿ 100–240. ಒಂದೇ ಹೆಸರಿನ ಮಾಡೆಲ್‌ನಲ್ಲೂ ಈ ಎರಡು ಬಗೆ ಬರುತ್ತವೆ. ಪಿ.ಜೆ. ಬಡಾವಣೆಯಲ್ಲೋ ವಿದ್ಯಾನಗರದಲ್ಲೋ ಇರುವವರಿಗೆ ಇದು ದೊಡ್ಡ ವಿಷಯ ಅಲ್ಲದಿರಬಹುದು. ಆದರೆ ಜಗಳೂರು, ಚನ್ನಗಿರಿ ಕಡೆ ಹಳ್ಳಿಯ ಮನೆಗೆ ಕಂಪ್ಯೂಟರ್ ಒಯ್ಯುವವರಿಗೆ 100–240 ಇರುವುದೇ ಬೇಕು. ಸುತ್ತ ಪಂಪ್‌ಸೆಟ್ ಓಡುವಾಗ ವೋಲ್ಟೇಜ್ ಇಳಿಯುತ್ತದೆ. ಆಗ 200–240ರದ್ದು ಕೈಕೊಡಬಹುದು, 100–240ರದ್ದು ತಡೆದುಕೊಳ್ಳುತ್ತದೆ. ಬೆಲೆಯಲ್ಲಿ ವ್ಯತ್ಯಾಸ ಸ್ವಲ್ಪವೇ.

ಎಷ್ಟು ವ್ಯಾಟ್ ಸಾಕು? ಗ್ರಾಫಿಕ್ಸ್ ಕಾರ್ಡ್ ಇಲ್ಲದ ಸಿಸ್ಟಮ್ ಜೋರಾಗಿ ದುಡಿಯುವಾಗಲೂ 150 ವ್ಯಾಟ್ ದಾಟುವುದು ಕಷ್ಟ. ಆರ್‌ಎಕ್ಸ್ 6600 ತರದ ಕಾರ್ಡ್ ಹಾಕಿದರೆ ಅದರದ್ದೇ 132 ವ್ಯಾಟ್ ಸೇರುತ್ತದೆ. ಎರಡಕ್ಕೂ ಒಳ್ಳೆಯ 450 ಸಾಕು. ಮುಂದೆ ಇನ್ನೂ ದೊಡ್ಡ ಕಾರ್ಡ್ ಹಾಕುವ ಆಸೆ ಇದ್ದರೆ 550 ತಗೊಳ್ಳಿ. 80 ಪ್ಲಸ್ ಬ್ರಾಂಜ್ ಗುರುತು (ಕರೆಂಟ್ ಕಡಿಮೆ ಪೋಲು ಮಾಡುತ್ತದೆ ಅನ್ನುವುದಕ್ಕೆ) ಇರಲಿ. ಕೂಲರ್ ಮಾಸ್ಟರ್ ಎಂಡಬ್ಲ್ಯೂಇ, ಕೋರ್ಸೇರ್ ಸಿಎಕ್ಸ್, ಡೀಪ್‌ಕೂಲ್ ಪಿಕೆ ಸರಣಿಗಳು ಈ ಮಟ್ಟದವು. ಹೆಸರೇ ಕೇಳದ ಬ್ರಾಂಡ್‌ನ 800 ವ್ಯಾಟ್‌ಗಿಂತ ಇವುಗಳ 450 ಮೇಲು.

ಯುಪಿಎಸ್ ಬೇಕಾ? ಮನೆಯಲ್ಲಿ ಇನ್ವರ್ಟರ್ ಇದ್ದರೆ ಮೊದಲು ಅದರ ಹಿಂದೆ ನೋಡಿ. ಬಹಳಷ್ಟು ಇನ್ವರ್ಟರ್‌ಗಳಲ್ಲಿ ಯುಪಿಎಸ್ ಮೋಡ್, ನಾರ್ಮಲ್ ಅಥವಾ ಇಕೋ ಮೋಡ್ ಅಂತ ಒಂದು ಸ್ವಿಚ್ ಇರುತ್ತದೆ. ನಾರ್ಮಲ್‌ನಲ್ಲಿದ್ದರೆ ಕರೆಂಟ್ ಹೋದಾಗ ಬ್ಯಾಟರಿಗೆ ಬದಲಾಗುವುದು ನಿಧಾನ, ಫ್ಯಾನ್ ಲೈಟಿಗೆ ಗೊತ್ತಾಗುವುದಿಲ್ಲ, ಕಂಪ್ಯೂಟರ್ ಮಾತ್ರ ರೀಸ್ಟಾರ್ಟ್ ಆಗುತ್ತದೆ. ಯುಪಿಎಸ್ ಮೋಡ್‌ಗೆ ಹಾಕಿದರೆ ತಕ್ಷಣ ಬದಲಾಗುತ್ತದೆ. ಸೈನ್ ವೇವ್ ಇನ್ವರ್ಟರ್ (ಲೈನಿನ ಕರೆಂಟಿನಂತೆಯೇ ನಯವಾದ ಕರೆಂಟ್ ಕೊಡುವುದು) ಆಗಿದ್ದರೆ ಬೇರೆ ಯುಪಿಎಸ್‌ಗೆ ದುಡ್ಡು ಹಾಕುವ ಅಗತ್ಯ ಅಷ್ಟಾಗಿ ಇಲ್ಲ. ಇನ್ವರ್ಟರ್ ಇಲ್ಲದ ಮನೆಗೆ 600 ವಿಎ ಯುಪಿಎಸ್ ಸಾಕು, ಅದು ಕೊಡುವುದು ಸುಮಾರು 360 ವ್ಯಾಟ್. ಕೆಲಸ ಸೇವ್ ಮಾಡಿ ಶಟ್‌ಡೌನ್ ಮಾಡಲು ಅಷ್ಟು ಹೊತ್ತು ಸಿಗುತ್ತದೆ. ಮತ್ತೆ, ಹಳೇ ಮನೆ ಆದರೆ ಅರ್ಥಿಂಗ್ ಇದೆಯಾ ಅಂತ ಎಲೆಕ್ಟ್ರಿಷಿಯನ್ ಹತ್ತಿರ ನೋಡಿಸಿ. ಕ್ಯಾಬಿನೆಟ್ ಮುಟ್ಟಿದರೆ ಜುಂ ಅನ್ನುವುದು ಬಹಳ ಸಲ ಇದರಿಂದಲೇ.

ಈಗ ಪ್ರೊಸೆಸರ್

ಕಡಿಮೆ ಬಜೆಟ್‌ನಲ್ಲಿ ಹೋಲಿಸಿ ನೋಡಬೇಕಾದವು ಮುಖ್ಯವಾಗಿ ನಾಲ್ಕು. ಹೊಸದರಲ್ಲಿ ಎಎಂಡಿಯ ರೈಜನ್ 5 5600ಜಿ, ಇಂಟೆಲ್‌ನ ಐ3-12100 ಮತ್ತು ಐ5-12400, ಇನ್ನು ಸ್ವಲ್ಪ ಮೇಲೆ ರೈಜನ್ 5 7600. ಹಳೆಯದರಲ್ಲಿ ಆಫೀಸುಗಳಿಂದ ಬಂದ ರಿಫರ್ಬಿಶ್ಡ್ (ಸರಿಮಾಡಿ ಮತ್ತೆ ಮಾರುವ) ಸಿಸ್ಟಮ್‌ಗಳಿವೆ, ಅದಕ್ಕೆ ಆಮೇಲೆ ಬರುತ್ತೇನೆ.

5600ಜಿ ಬಂದದ್ದು 2021ರಲ್ಲಿ. ಆರು ಕೋರ್ (ಕೆಲಸ ಮಾಡುವ ಘಟಕ), ಹನ್ನೆರಡು ಥ್ರೆಡ್ (ಒಟ್ಟಿಗೆ ನಡೆಸಬಲ್ಲ ಕೆಲಸ), ಬಾಕ್ಸ್‌ನಲ್ಲೇ ಕೂಲರ್. ಇದರ ದೊಡ್ಡ ಗುಣ ಒಳಗಿರುವ ವೇಗಾ ಗ್ರಾಫಿಕ್ಸ್. ಕಾರ್ಡ್ ಇಲ್ಲದೆಯೇ ವ್ಯಾಲೊರಂಟ್, ಜಿಟಿಎ 5 ತರದ ಗೇಮ್ ಸೆಟ್ಟಿಂಗ್ ಇಳಿಸಿಕೊಂಡು ಆಡಬಹುದು. ಕಾಲೇಜಿಗೆ ಸೇರಿ ಈಗಷ್ಟೇ ಸಿಸ್ಟಮ್ ತಗೊಳ್ಳುವ, ಕಾರ್ಡ್‌ಗೆ ಸದ್ಯಕ್ಕೆ ದುಡ್ಡಿಲ್ಲದ ವಿದ್ಯಾರ್ಥಿಗೆ ಇದು ಇವತ್ತಿಗೂ ಚೆನ್ನಾಗಿ ಒಪ್ಪುತ್ತದೆ. ಆದರೆ ಇದರ ಮಿತಿಗಳನ್ನು ಮುಚ್ಚಿಡುವುದು ಸರಿಯಲ್ಲ. ಬೋರ್ಡ್‌ನಲ್ಲಿ ಇದು ಕೂರುವ ಜಾಗ, ಅಂದರೆ ಎಎಂ4 ಸಾಕೆಟ್‌ನ ಕಾಲ ಮುಗಿಯುತ್ತಾ ಬಂದಿದೆ. ವೇಗಾ ಗ್ರಾಫಿಕ್ಸ್‌ನ ಡ್ರೈವರ್‌ಗೆ 2023ರಿಂದ ಎಎಂಡಿ ಬರೀ ನಿರ್ವಹಣೆಯ ಅಪ್‌ಡೇಟ್ ಕೊಡುತ್ತಿದೆ, ಹೊಸ ಗೇಮ್‌ಗಳಿಗಾಗಿ ಹದ ಮಾಡುತ್ತಿಲ್ಲ. ಇದರ ಪಿಸಿಐಇ (ಗ್ರಾಫಿಕ್ಸ್ ಕಾರ್ಡ್ ಜೊತೆ ಡೇಟಾ ಸಾಗುವ ದಾರಿ) ಕೂಡ 3ನೇ ತಲೆಮಾರಿನದು. ಇದು ಯಾಕೆ ಮುಖ್ಯ ಅಂದರೆ, ಆರ್‌ಎಕ್ಸ್ 6400, 6500 ಎಕ್ಸ್‌ಟಿ ತರದ ಕಾರ್ಡ್‌ಗಳಿಗೆ ಆ ದಾರಿಯಲ್ಲಿ ನಾಲ್ಕೇ ಲೇನ್ (ಸಾಲು). ಅವನ್ನು 5600ಜಿ ಜೊತೆ ಹಾಕಿದರೆ ಕೊಟ್ಟ ದುಡ್ಡಿಗೆ ತಕ್ಕ ವೇಗ ಸಿಗುವುದಿಲ್ಲ. ಮುಂದೆ ಕಾರ್ಡ್ ಹಾಕುವುದಾದರೆ ಎಂಟು ಲೇನ್‌ನ ಆರ್‌ಎಕ್ಸ್ 6600 ಮಟ್ಟದ್ದೇ ಹಾಕಿ.

ಐ3-12100 ನಾಲ್ಕು ಕೋರ್, ಎಂಟು ಥ್ರೆಡ್. ನಾಲ್ಕೇನಾ ಅಂತ ಮೂಗು ಮುರಿಯಬೇಡಿ. ಒಂದೊಂದು ಕೋರ್‌ನ ವೇಗ 5600ಜಿಗಿಂತ ಜಾಸ್ತಿ. ಟ್ಯಾಲಿ, ಎಕ್ಸೆಲ್, ಬ್ರೌಸರ್, ಆಟೋಕ್ಯಾಡ್‌ನ 2ಡಿ ಡ್ರಾಯಿಂಗ್ ಇವೆಲ್ಲ ಹೆಚ್ಚಾಗಿ ಒಂದೆರಡು ಕೋರ್‌ನ ವೇಗವನ್ನೇ ನೆಚ್ಚಿಕೊಂಡಿರುತ್ತವೆ. ಅಂಗಡಿ, ಡಿಟಿಪಿ, ಸೇವಾ ಸಿಂಧು ಅರ್ಜಿ ಹಾಕಿಕೊಡುವ ಸೆಂಟರ್ ಇವುಗಳಿಗೆ ಇದಕ್ಕಿಂತ ಮೇಲಿನದು ಬೇಕಾಗಿಲ್ಲ. ಆದರೆ ಇದರೊಳಗಿನ ಗ್ರಾಫಿಕ್ಸ್‌ನಲ್ಲಿ ಗೇಮ್ ಆಡುತ್ತೇನೆ ಅಂದರೆ ನಿರಾಸೆ ಆಗುತ್ತದೆ.

ಐ5-12400 ಬಗ್ಗೆ ನನಗೆ ವಿಶೇಷ ಪ್ರೀತಿ. ಮದುವೆ ವಿಡಿಯೊ ಎಡಿಟ್ ಮಾಡುವವರಿಗೆ ಈ ಬೆಲೆಯಲ್ಲಿ ಇಷ್ಟು ಅನುಕೂಲದ್ದು ಬೇರೆ ಇಲ್ಲ ಅನ್ನುವುದು ನನ್ನ ಅಭಿಪ್ರಾಯ. ಆರು ಕೋರ್‌ಗಿಂತ ಮುಖ್ಯವಾದ ಕಾರಣ ಕ್ವಿಕ್ ಸಿಂಕ್. ಕ್ಯಾಮೆರಾದಿಂದ ಬಂದ ವಿಡಿಯೊ ಫೈಲನ್ನು ಬಿಡಿಸಿ ಓದುವ, ಕೊನೆಗೆ ರೆಂಡರ್ ಮಾಡುವ ಕೆಲಸಕ್ಕೆ ಇಂಟೆಲ್‌ನ ಗ್ರಾಫಿಕ್ಸ್ ಒಳಗೆ ಪ್ರತ್ಯೇಕ ಭಾಗವೇ ಇದೆ. ಎಡಿಟಿಂಗ್ ಸಾಫ್ಟ್‌ವೇರ್ ಪ್ರೀಮಿಯರ್ ಅದನ್ನು ಚೆನ್ನಾಗಿ ಬಳಸಿಕೊಳ್ಳುತ್ತದೆ. ಟೈಮ್‌ಲೈನ್ ತಡವರಿಸುವುದು ಕಡಿಮೆಯಾಗುತ್ತದೆ. ಇಲ್ಲಿ ಒಂದು ಅಕ್ಷರ ನೋಡಿಕೊಳ್ಳಿ: 12400ಎಫ್ ಅಂದರೆ ಗ್ರಾಫಿಕ್ಸ್ ಇಲ್ಲದ್ದು. ಸ್ವಲ್ಪ ಅಗ್ಗ ಅಂತ ಎಫ್ ತಗೊಂಡರೆ ಕ್ವಿಕ್ ಸಿಂಕ್ ಹೋಯಿತು. ಕಾರ್ಡ್ ಇಲ್ಲದಿದ್ದರೆ ಸ್ಕ್ರೀನೂ ಬರುವುದಿಲ್ಲ. ಗೇಮ್ ಆಡಲು ಹೇಗೂ ಈಗಲೇ ಕಾರ್ಡ್ ಹಾಕುವವರಿಗೆ ಮಾತ್ರ ಎಫ್ ಲಾಭ.

ಈ ಎರಡೂ ಇಂಟೆಲ್‌ಗಳು ಕೂರುವುದು ಎಲ್‌ಜಿಎ 1700 ಬೋರ್ಡ್‌ನಲ್ಲಿ. ಎಚ್610 ಬೋರ್ಡ್ ಅಗ್ಗ, ರ‍್ಯಾಮ್‌ಗೆ ಎರಡೇ ಸ್ಲಾಟ್, ಅಷ್ಟು ಸಾಕು. ಬಹಳ ಎಚ್610 ಬೋರ್ಡ್‌ಗಳು ಡಿಡಿಆರ್4 ಬಗೆಯ ರ‍್ಯಾಮ್‌ಗೆ ಮಾಡಿದವು, ಕೆಲವು ಅದರ ನಂತರದ ಡಿಡಿಆರ್5ಗೆ. ತಗೊಳ್ಳುವಾಗ ಇದನ್ನು ಕೇಳಿಯೇ ತಗೊಳ್ಳಿ, ಒಂದರ ರ‍್ಯಾಮ್ ಇನ್ನೊಂದಕ್ಕೆ ಕೂರುವುದಿಲ್ಲ. ಈ ಸಾಕೆಟ್‌ಗೂ 14ನೇ ತಲೆಮಾರಿನ ನಂತರ ಮುಂದಿನ ದಾರಿ ಇಲ್ಲ.

ಮುಂದಿನ ದಾರಿ ಬೇಕು ಅನ್ನುವವರಿಗೆ ಇರುವುದು ಎಎಂಡಿಯ ಹೊಸ ಸಾಕೆಟ್ ಎಎಂ5. ಈ ಸಾಕೆಟನ್ನು 2027ರವರೆಗಾದರೂ ಮುಂದುವರಿಸುತ್ತೇವೆ ಅಂತ ಎಎಂಡಿ ಹೇಳಿದೆ. ಇದರಲ್ಲಿ ಅಗ್ಗದ 8500ಜಿ ಕಣ್ಣು ಸೆಳೆಯುತ್ತದೆ. ಆದರೆ ಅದು ಗ್ರಾಫಿಕ್ಸ್ ಕಾರ್ಡ್‌ಗೆ ಕೊಡುವುದು ನಾಲ್ಕೇ ಲೇನ್. ಮುಂದೆ ಬೆಳೆಸಬೇಕು ಅಂತಲೇ ಎಎಂ5ಗೆ ಬಂದವರು ಹೀಗೆ ಕೈ ಕಟ್ಟಿಸಿಕೊಳ್ಳುವುದರಲ್ಲಿ ಅರ್ಥವಿಲ್ಲ, ಅಲ್ವಾ? ರೈಜನ್ 5 7600 ತಗೊಳ್ಳಿ. ಪೂರ್ತಿ ಹದಿನಾರು ಲೇನ್ ಇದೆ, ಸ್ಕ್ರೀನ್ ಬರುವಷ್ಟು ಗ್ರಾಫಿಕ್ಸ್ ಒಳಗೇ ಇದೆ. ತೊಡಕು ಒಂದೇ, ಎಎಂ5ಗೆ ಡಿಡಿಆರ್5 ರ‍್ಯಾಮ್ ಮಾತ್ರ ಆಗುತ್ತದೆ. ಅಲ್ಲಿಗೆ ಬಜೆಟ್ ಮಾತು ಶುರುವಾಗುತ್ತದೆ.

ರ‍್ಯಾಮ್ ಬೆಲೆ ಲೆಕ್ಕ ಬದಲಿಸಿದೆ

2025ರ ಕೊನೆಯಿಂದ ರ‍್ಯಾಮ್ ಬೆಲೆ ವಿಪರೀತ ಏರಿತು. ಎಐ ಡೇಟಾ ಸೆಂಟರ್‌ಗಳಿಗೆ ಮೆಮೊರಿ ಚಿಪ್‌ಗಳು ಹೋಗತೊಡಗಿದ್ದೇ ಕಾರಣ. ಮೈಕ್ರಾನ್ ಕಂಪನಿಯಂತೂ ಜನಸಾಮಾನ್ಯರಿಗೆ ರ‍್ಯಾಮ್, ಎಸ್‌ಎಸ್‌ಡಿ ಮಾರುತ್ತಿದ್ದ ತನ್ನ ಕ್ರೂಷಿಯಲ್ ಬ್ರಾಂಡನ್ನೇ ನಿಲ್ಲಿಸುವುದಾಗಿ 2025ರ ಡಿಸೆಂಬರ್‌ನಲ್ಲಿ ಹೇಳಿತು. ಹಿಂದೆ ಕಣ್ಣುಮುಚ್ಚಿ 16 ಜಿಬಿ ಹಾಕಿ ಅನ್ನುತ್ತಿದ್ದೆವು. ಈಗ ಯೋಚಿಸಿಯೇ ಹೇಳಬೇಕು.

ಮನೆಯಲ್ಲಿ ಹಳೇ ಡೆಸ್ಕ್‌ಟಾಪ್ ಇದ್ದರೆ ಮೊದಲು ಅದನ್ನು ಬಿಚ್ಚಿ ನೋಡಿ. ಡಿಡಿಆರ್4 ಸ್ಟಿಕ್ ಇದ್ದರೆ ಅದೇ ಇವತ್ತಿನ ದೊಡ್ಡ ಉಳಿತಾಯ. ಆಗ 5600ಜಿ ಅಥವಾ ಡಿಡಿಆರ್4ನ ಎಚ್610 ಎರಡರಲ್ಲಿ ಒಂದನ್ನು ಆರಿಸಿದರೆ ಸಾಕು, ಎಎಂ5ನ ಯೋಚನೆ ಬಿಡಿ. ಲ್ಯಾಪ್‌ಟಾಪ್‌ನ ರ‍್ಯಾಮ್ ಚಿಕ್ಕದು, ಇದಕ್ಕೆ ಆಗುವುದಿಲ್ಲ.

ಹೊಸದೇ ತಗೊಳ್ಳುವವರಲ್ಲಿ 5600ಜಿಯವರು ಎರಡು ಸ್ಟಿಕ್ ಹಾಕಲೇಬೇಕು. ಅದರ ಗ್ರಾಫಿಕ್ಸ್‌ಗೆ ಸ್ವಂತ ಮೆಮೊರಿ ಇಲ್ಲ, ರ‍್ಯಾಮನ್ನೇ ಹಂಚಿಕೊಳ್ಳುತ್ತದೆ. ಒಂದೇ ಸ್ಟಿಕ್ ಅಂದರೆ ಒಂದೇ ದಾರಿಯಲ್ಲಿ ಎಲ್ಲ ಡೇಟಾ ಓಡಾಡಬೇಕು, ಗೇಮ್‌ನಲ್ಲಿ ವೇಗ ಕಣ್ಣಿಗೆ ಕಾಣುವಷ್ಟು ಬೀಳುತ್ತದೆ. ಒಂದು 16ರ ಬದಲು ಎರಡು 8, ಡಿಡಿಆರ್4 3200. ಇಂಟೆಲ್‌ನವರಿಗೆ ಈ ಒತ್ತಡ ಇಲ್ಲ. ಟ್ಯಾಲಿ, ಡಿಟಿಪಿಗೆ ಒಂದು 8 ಜಿಬಿ ಹಾಕಿ ಶುರು ಮಾಡಿ, ಒಂದು ಸ್ಲಾಟ್ ಖಾಲಿ ಬಿಡಿ. ಎಡಿಟಿಂಗ್‌ಗೆ ಮಾತ್ರ 16ಕ್ಕಿಂತ ಕಡಿಮೆ ಬೇಡ.

ಎಸ್‌ಎಸ್‌ಡಿ ಬೆಲೆಯೂ ಏರಿದೆ, ಆದರೂ ಹಾರ್ಡ್ ಡಿಸ್ಕ್ ಮೇಲೆ ವಿಂಡೋಸ್ ಹಾಕುವ ಯೋಚನೆ ಬೇಡ. ಹಾರ್ಡ್ ಡಿಸ್ಕ್ ಸೆಕೆಂಡಿಗೆ 150–200 ಎಂಬಿ ಓದಿದರೆ ಹಳೇ ಬಗೆಯ ಸಾಟಾ ಎಸ್‌ಎಸ್‌ಡಿ 550ರ ಹತ್ತಿರ, ಹೊಸ ಬಗೆಯ ಎನ್‌ವಿಎಂಇ ಎಸ್‌ಎಸ್‌ಡಿ 3,000 ದಾಟುತ್ತದೆ. ದಿನದ ಕೆಲಸದಲ್ಲಿ ಸಾಟಾಗೂ ಎನ್‌ವಿಎಂಇಗೂ ಅಷ್ಟು ವ್ಯತ್ಯಾಸ ಗೊತ್ತಾಗುವುದಿಲ್ಲ. ಅಗ್ಗಕ್ಕೆ ಸಿಕ್ಕಿದ್ದು ಹಾಕಿ. ಮದುವೆ ವಿಡಿಯೊ ಕೂಡಿಡುವವರು ಜೊತೆಗೊಂದು ದೊಡ್ಡ ಹಾರ್ಡ್ ಡಿಸ್ಕ್ ಇಟ್ಟುಕೊಳ್ಳಿ.

ರಿಫರ್ಬಿಶ್ಡ್ ತಗೊಳ್ಳಬಹುದಾ?

ತಗೊಳ್ಳಬಹುದು, ನೋಡಿ ತಗೊಂಡರೆ. ಡೆಲ್ ಆಪ್ಟಿಪ್ಲೆಕ್ಸ್, ಎಚ್‌ಪಿ ಎಲೈಟ್‌ಡೆಸ್ಕ್, ಲೆನೊವೊ ಥಿಂಕ್‌ಸೆಂಟರ್ ಇವು ಆಫೀಸಿಗೆ ಅಂತ ಗಟ್ಟಿಯಾಗಿ ಮಾಡಿದ ಸಿಸ್ಟಮ್‌ಗಳು. ಐ5-8500 ಇರುವುದು ಸಿಕ್ಕಿದರೆ ಆರು ಕೋರ್, ವಿಂಡೋಸ್ 11 ಕೂಡ ನಡೆಯುತ್ತದೆ, ಬಹಳ ಸಲ ಲೈಸೆನ್ಸ್ ಅದರೊಳಗೇ ಇರುತ್ತದೆ. ಅಂಗಡಿಗೆ, ಮಕ್ಕಳ ಓದಿಗೆ ಇದನ್ನು ಮೀರಿಸುವುದು ಕಷ್ಟ. ರ‍್ಯಾಮ್, ಎಸ್‌ಎಸ್‌ಡಿ ಎರಡೂ ಸೇರಿ ಬರುವುದರಿಂದ ಈಗಿನ ಬೆಲೆಯಲ್ಲಿ ಇದರ ಲಾಭ ಇನ್ನೂ ಹೆಚ್ಚಿದೆ.

ಬಿಟ್ಟುಕೊಡಬೇಕಾದ್ದು ಬೆಳವಣಿಗೆಯನ್ನು. ಇವುಗಳ ಎಸ್‌ಎಂಪಿಎಸ್, ಬೋರ್ಡ್‌ಗಳ ಕನೆಕ್ಟರ್ ಬೇರೆ ತರ. ಮಾರ್ಕೆಟ್‌ನ ಸಾಮಾನ್ಯ ಎಸ್‌ಎಂಪಿಎಸ್ ಹಾಗೆಯೇ ಕೂರುವುದಿಲ್ಲ. ಚಿಕ್ಕ ಡಬ್ಬಿಯ ಮಾಡೆಲ್‌ಗೆ ಗಿಡ್ಡ ಕಾರ್ಡ್ ಮಾತ್ರ ಹಿಡಿಸುತ್ತದೆ. ಗೇಮ್ ಆಸೆ ಇರುವ ಹುಡುಗನಿಗೆ ಇದನ್ನು ಕೊಡಿಸಿದರೆ ಮುಂದಿನ ವರ್ಷ ಮತ್ತೆ ಪೂರ್ತಿ ಖರ್ಚು.

ಇನ್ನೊಂದು ಬಗೆಯ ಹಳೆಯದಿದೆ, ಅದರಿಂದ ದೂರ ಇರಿ. ‘ಕೋರ್ ಐ7, 16 ಜಿಬಿ, ಹೊಸ ಕ್ಯಾಬಿನೆಟ್’ ಅಂತ ತೀರಾ ಅಗ್ಗಕ್ಕೆ ಮಾರುತ್ತಾರೆ. ಯಾವ ತಲೆಮಾರು ಅಂತ ಕೇಳಿ. ಐ7-2600 ಆಗಿದ್ದರೆ ಅದು 2011ರ ಪ್ರೊಸೆಸರ್, ಬೋರ್ಡ್ ಎಚ್61, ರ‍್ಯಾಮ್ ಡಿಡಿಆರ್3. ಹೆಸರಲ್ಲಿ ಐ7 ಇದ್ದರೂ ಇವತ್ತಿನ ಐ3-12100 ಇದನ್ನು ಸುಲಭವಾಗಿ ಹಿಂದೆ ಹಾಕುತ್ತದೆ. ಆ ರ‍್ಯಾಮ್ ಮುಂದೆ ಯಾವುದಕ್ಕೂ ಬರುವುದಿಲ್ಲ. ತಂದೆ ತಾಯಿ ಕಷ್ಟಪಟ್ಟು ಕೂಡಿಸಿದ ದುಡ್ಡು ಇಂಥದ್ದಕ್ಕೆ ಹೋಗಬಾರದು. ರೈಜನ್‌ನಲ್ಲೂ ಹಾಗೇ: 2200ಜಿ, 2400ಜಿ ವಿಂಡೋಸ್ 11ರ ಪಟ್ಟಿಯಲ್ಲಿ ಇಲ್ಲ, 3200ಜಿ ಇದೆ.

ಗ್ರಾಫಿಕ್ಸ್ ಕಾರ್ಡ್ ಈಗಲೇ ಬೇಕು ಅನ್ನುವವರಿಗೆ

ಬರೀ ಗೇಮ್ ಆದರೆ ಆರ್‌ಎಕ್ಸ್ 6600, 8 ಜಿಬಿ. ಇದರ ಜೊತೆ 12100ಎಫ್ ಅಥವಾ 12400ಎಫ್ ಸಾಕು. ಬ್ಲೆಂಡರ್, ಮೆಷಿನ್ ಲರ್ನಿಂಗ್ ಪ್ರಾಜೆಕ್ಟ್ ಮಾಡುವವರು ಎನ್ವಿಡಿಯಾ ನೋಡಿ, ಅಲ್ಲಿ ಬಹಳ ಸಾಫ್ಟ್‌ವೇರ್ ಎನ್ವಿಡಿಯಾದ ಸ್ವಂತ ತಂತ್ರಜ್ಞಾನ ಕುಡಾ ಮೇಲೆ ನಿಂತಿದೆ. ಆರ್‌ಟಿಎಕ್ಸ್ 3050ರ 6 ಜಿಬಿ ಕಾರ್ಡ್ 70 ವ್ಯಾಟ್‌ನದು, ಹೆಚ್ಚಿನವಕ್ಕೆ ಬೇರೆ ಪವರ್ ಕೇಬಲ್ ಬೇಡ. ರಿಫರ್ಬಿಶ್ಡ್ ಟವರ್‌ಗೂ ಹಾಕಬಹುದಾದ್ದು ಅದರ ದೊಡ್ಡ ಅನುಕೂಲ. ಗೇಮ್‌ನಲ್ಲಿ 6600ಗಿಂತ ನಿಧಾನ. ಸೆಕೆಂಡ್ ಹ್ಯಾಂಡ್ ಆರ್‌ಎಕ್ಸ್ 580 ಅಗ್ಗಕ್ಕೆ ಸಿಗುತ್ತದೆ, ಆದರೆ 2017ರದು, 185 ವ್ಯಾಟ್ ಎಳೆಯುತ್ತದೆ. ಕ್ರಿಪ್ಟೊ ನಾಣ್ಯ ಗಳಿಸುವ ಮೈನಿಂಗ್‌ನಲ್ಲಿ ಹಗಲು ರಾತ್ರಿ ದುಡಿದು ಬಂದವು ಬಹಳ. ಕಣ್ಣೆದುರು ಅರ್ಧ ಗಂಟೆ ಗೇಮ್ ಓಡಿಸಿ ತೋರಿಸದೆ ದುಡ್ಡು ಕೊಡಬೇಡಿ.

ಕ್ಯಾಬಿನೆಟ್ ಬಗ್ಗೆ ಒಂದೇ ಮಾತು: ಮುಂದೆ ಗಾಜು ಬೇಡ, ಜಾಲರಿ ಇರಲಿ. ಏಪ್ರಿಲ್, ಮೇನಲ್ಲಿ ನಮ್ಮ ಕಡೆ 38–39 ಡಿಗ್ರಿ ಬಿಸಿಲು. ಚಿತ್ರದುರ್ಗದ ಕಡೆ ಅದರ ಮೇಲೆ ಗಾಳಿ, ಧೂಳು. ಬಿಚ್ಚಿ ತೊಳೆಯಬಹುದಾದ ಫಿಲ್ಟರ್, ಮುಂದೊಂದು ಹಿಂದೊಂದು ಫ್ಯಾನ್ ಇದ್ದರೆ ಬಣ್ಣದ ಲೈಟ್ ಇಲ್ಲದಿದ್ದರೂ ನಡೆಯುತ್ತದೆ.

ಎಲ್ಲಿ ತಗೊಳ್ಳುವುದು

ಬೆಂಗಳೂರಿನ ಎಸ್‌ಪಿ ರೋಡ್‌ನ ಕಂಪ್ಯೂಟರ್ ಅಂಗಡಿಗಳು, ಆನ್‌ಲೈನ್, ಊರಿನ ಅಂಗಡಿ. ಮೂರರಲ್ಲೂ ಬೆಲೆ ಕೇಳಿ, ಆದರೆ ಬೆಲೆಯೊಂದನ್ನೇ ನೋಡಬೇಡಿ. ಪ್ರೊಸೆಸರ್ ಕೆಡುವುದು ಅಪರೂಪ, ಸೀಲ್ ಇರುವ ಬಾಕ್ಸ್ ಆದರೆ ಅದನ್ನು ಎಲ್ಲಿ ಅಗ್ಗವೋ ಅಲ್ಲಿ ತಗೊಳ್ಳಿ. ರ‍್ಯಾಮ್, ಎಸ್‌ಎಸ್‌ಡಿಗೂ ಇದೇ ಮಾತು. ಮದರ್‌ಬೋರ್ಡ್ ಮತ್ತು ಎಸ್‌ಎಂಪಿಎಸ್ ಮಾತ್ರ ನೂರಿನ್ನೂರು ಜಾಸ್ತಿಯಾದರೂ ಊರಲ್ಲೇ ತಗೊಳ್ಳಿ. ವಾರಂಟಿಗೆ ಅಂತ ಬೋರ್ಡ್ ಹಿಡಿದುಕೊಂಡು ಸುಮಾರು 260 ಕಿಲೋಮೀಟರ್ ಬೆಂಗಳೂರಿಗೆ ಹೋಗಿಬರುವ ಖರ್ಚು ಆ ಉಳಿತಾಯಕ್ಕಿಂತ ದೊಡ್ಡದು. ಅಂಗಡಿಯವರೇ ಕಳಿಸಿ ತರಿಸಿಕೊಡುತ್ತಾರಾ ಅಂತ ಮೊದಲೇ ಕೇಳಿ.

ಬಿಲ್ ಬೇಡ ಅಂದರೆ ಕಡಿಮೆ ಮಾಡ್ತೀವಿ ಅನ್ನುವವರು ಸಿಗುತ್ತಾರೆ. ಜಿಎಸ್‌ಟಿ 18 ಶೇಕಡಾ ಉಳಿಯುತ್ತದಲ್ಲ ಅನ್ನಿಸುತ್ತದೆ, ಆದರೆ ಮೂರು ವರ್ಷದ ವಾರಂಟಿ ಹೋಗುತ್ತದೆ. ಬಿಲ್‌ನಲ್ಲಿ ಪ್ರತಿ ಪಾರ್ಟ್‌ನ ಸೀರಿಯಲ್ ನಂಬರ್ ಬರೆಸಿಕೊಳ್ಳಿ. ಆನ್‌ಲೈನ್ ಪಾರ್ಸೆಲ್ ಬಿಚ್ಚುವಾಗ ವಿಡಿಯೊ ಮಾಡಿ. ಬೋರ್ಡ್ ತಗೊಂಡಾಗ ಸಾಕೆಟ್‌ನ ಮುಚ್ಚಳ ತೆಗೆಸಿ ನೋಡಿ, ಎಲ್‌ಜಿಎ 1700ರಲ್ಲಿ ಪಿನ್‌ಗಳು ಬೋರ್ಡ್ ಮೇಲೆಯೇ ಇರುತ್ತವೆ, ಒಂದು ಬಾಗಿದ್ದರೂ ಆಮೇಲೆ ಯಾರೂ ಒಪ್ಪುವುದಿಲ್ಲ. 5600ಜಿಗೆ ಹಳೇ ಸ್ಟಾಕ್‌ನ ಬಿ450 ಬೋರ್ಡ್ ಕೊಟ್ಟರೆ ಬಯಾಸ್ (ಬೋರ್ಡ್ ಒಳಗಿನ ಮೂಲ ಸಾಫ್ಟ್‌ವೇರ್) ಅಪ್‌ಡೇಟ್ ಆಗಿದೆಯಾ ಕೇಳಿ. ಆಗಿಲ್ಲದಿದ್ದರೆ ಮನೆಗೆ ತಂದು ಎಲ್ಲ ಜೋಡಿಸಿದ ಮೇಲೂ ಸ್ಕ್ರೀನ್ ಕಪ್ಪಾಗಿಯೇ ಇರುತ್ತದೆ, ಯಾವ ಪಾರ್ಟ್ ಕೆಟ್ಟಿದೆ ಅಂತ ಸುಮ್ನೆ ಹುಡುಕುತ್ತಾ ಕೂರಬೇಕಾಗುತ್ತದೆ. ಅಂಗಡಿಯಲ್ಲೇ ಪ್ರೊಸೆಸರ್, ಒಂದು ರ‍್ಯಾಮ್ ಹಾಕಿಸಿ, ಬಯಾಸ್ ಸ್ಕ್ರೀನ್ ಬಂದದ್ದು ನೋಡಿಕೊಂಡು ದುಡ್ಡು ಕೊಡಿ.